ಇಪ್ಪತ್ಮೂರನೆಯ ಪ್ರಶ್ನೆ

ಕಲಬುರಗಿ
4 ಆಗಸ್ಟ್ 2024

ಅಪ್ಪನಿಗೆ ಜೈಭೀಮ್.

ಫೋನು ಬಿಟ್ಟು ಕಾಗದ ಹಿಡಿದಿದ್ದಾಳೆಂದು ಅವ್ವ ನಗಬಾರದು. ಕಳೆದ ಸಲ ನಾನು ಫೋನಿನಲ್ಲಿ ಕೂಗಿದ್ದು ಹಾಸ್ಟೆಲಿನ ಮೂರು ಮಹಡಿಗೂ ಕೇಳಿತು, ನಿಮಗೊಬ್ಬರಿಗೇ ಕೇಳಲಿಲ್ಲ. ಮೂವತ್ತೊಂದು ವರ್ಷ ಹೊಳೆಕಣ್ಣೂರಿನ ಪೋಸ್ಟ್ ಮಾಸ್ತರರಾಗಿ ಊರಿಗೆಲ್ಲ ಟಪಾಲು ಹಂಚಿದವರು ನೀವು. ನಿಮಗೂ ಒಂದು ಬರಲಿ ಬಿಡಿ.

ಸುದ್ದಿ ಏನೆಂದರೆ, ಪ್ರಬಂಧ ಮುಗಿಯುತ್ತ ಬಂತು. ಇಂಗ್ಲಿಷಿನಲ್ಲಿರುವ ನಾಲ್ಕನೆಯ ಅಧ್ಯಾಯದ ಸಾರವನ್ನು ನಿಮಗಾಗಿ ಕನ್ನಡದಲ್ಲಿ ಬರೆದು ಇದರ ಜೊತೆ ಇಟ್ಟಿದ್ದೇನೆ. ಫೈನಾನ್ಸಿನಲ್ಲಿ ಡಾಕ್ಟರೇಟ್ ಎಂದರೆ ಏನೆಂದು ಅವ್ವನ ತಮ್ಮ ದಿಲೀಪ ಮಾಮಾನಿಗೆ ಇನ್ನೂ ತಿಳಿದಿಲ್ಲ. ಮೊನ್ನೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕು, "ಆರು ವರ್ಷ ಓದಿ ಕಡೀಕಿ ಕಂತಿನ ವಸೂಲಿಗಿ ಮನಿಮನಿ ಬರ್ತಿಯೇನ್ಬೇ?" ಅಂದ. ವಸೂಲಿಯಲ್ಲ ಮಾಮಾ, ಮನೆಯಲ್ಲಿ ಉಳಿತಾಯದ ತೀರ್ಮಾನ ಯಾರು ಮಾಡುತ್ತಾರೆ ಎಂದು ಕೇಳುತ್ತಿದ್ದೇನೆ ಅಂದೆ. "ಅದಕ್ಕ ಆರು ವರ್ಷ ಯಾಕ ಬೇಕು? ಮನಿಯಾಗ ಗಂಡಸೇ ಮಾಡ್ತಾನ" ಅಂದ. ತಮಾಷೆ ನೋಡಿ, ನನ್ನ ಪ್ರಬಂಧವೂ ಅದನ್ನೇ ಹೇಳುತ್ತದೆ!

ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲೂಕಿನ ನೂರಾ ನಲವತ್ತಾರು ಹೆಂಗಸರನ್ನು ಮಾತಾಡಿಸಿದೆ. ಇಪ್ಪತ್ಮೂರನೆಯ ಪ್ರಶ್ನೆ ಹೀಗಿತ್ತು: "ಮನೆಯವರಿಗೆ ಗೊತ್ತಿಲ್ಲದ ನಿಮ್ಮದೇ ಉಳಿತಾಯ ಏನಾದರೂ ಇದೆಯೇ?" ಹೌದು ಎಂದವರು ಒಬ್ಬರೂ ಇಲ್ಲ. ಸೊನ್ನೆ. ನನ್ನ ಗೈಡ್ ವಿಜಯಶ್ರೀ ಮೇಡಂ ಕನ್ನಡಕ ತೆಗೆದು ಮತ್ತೆ ಹಾಕಿಕೊಂಡು ನೋಡಿದರು. ಬೇರೆ ಜಿಲ್ಲೆಗಳ ಅಧ್ಯಯನದಲ್ಲಿ ಅಷ್ಟಿಷ್ಟಾದರೂ ಇರುತ್ತದಂತೆ. ಇಲ್ಲಿ ಒಂದೂ ಇಲ್ಲ ಎನ್ನುವುದೇ ನನ್ನ ಪ್ರಬಂಧದ ಹೊಸ ಮಾತು.

ಅವ್ವನಿಗೆ ಹೇಳಿ, ಅವಳು ಹಳ್ಳಿಹಳ್ಳಿ ನನ್ನ ಹಿಂದೆ ತಿರುಗಿದ್ದಕ್ಕೆ ಮುನ್ನುಡಿಯಲ್ಲಿ ಅವಳ ಹೆಸರಿದೆ. ಅವಳಿಲ್ಲದಿದ್ದರೆ ಒಂದು ಹಾಳೆಯೂ ತುಂಬುತ್ತಿರಲಿಲ್ಲ. ಹಿರೋಳ್ಳಿಯ ಗುರಮ್ಮ ನೆನಪಿದ್ದಾಳೆಯೇ ಕೇಳಿ. ಗಂಡನ ಹೆಸರು ಹೇಳು ಎಂದರೆ ಸೆರಗು ಬಾಯಿಗಿಟ್ಟುಕೊಂಡು ಕೂತಳು. ಕಡೆಗೆ ಮದುವೆ ಮನೆಯಲ್ಲಿ ಹೇಳುವ ಹಾಗೆ ಒಡಪು ಕಟ್ಟಿ, "ಬಿಸಿ ರೊಟ್ಟಿ ಮ್ಯಾಲ ಬೆಣ್ಣಿ ಇಟ್ಟೇನಿ, ಶಂಕರಲಿಂಗರ ಹೆಸರ ನಡುಮನ್ಯಾಗ ಬಿಟ್ಟೇನಿ" ಅಂದಳು. ಅಂಗಳದಲ್ಲಿದ್ದವರೆಲ್ಲ ಬಿದ್ದುಬಿದ್ದು ನಕ್ಕರು.

ಮಾರ್ಚ್ ಮೂವತ್ತೊಂದಕ್ಕೆ ನನ್ನ ನೋಂದಣಿಯ ಅವಧಿ ಮುಗಿಯುತ್ತದೆ. ಅಷ್ಟರೊಳಗೆ ಒಪ್ಪಿಸಬೇಕು. ಓದಿ, ತಪ್ಪಿದ್ದರೆ ತಿದ್ದಿ ಕಳಿಸಿ.

ನಿಮ್ಮ ಮಗಳು,
ಅನುರಾಧಾ


ಹೊಳೆಕಣ್ಣೂರು, ತಾ. ಅಫಜಲಪುರ
19 ಆಗಸ್ಟ್ 2024

ಮಗಳು ಅನುರಾಧಾಗೆ ಜೈಭೀಮ್ ಹಾಗೂ ಆಶೀರ್ವಾದ.

ನಿನ್ನ ಟಪಾಲು ಮೂರು ದಿನ ತಡವಾಗಿ ಬಂತು. ನನ್ನ ಕಾಲದಲ್ಲಿ ಹೀಗಿರಲಿಲ್ಲ ಎಂದು ಬರೆದರೆ ಮುದುಕನಾದೆ ಎನ್ನುತ್ತೀ, ಅದಕ್ಕೇ ಬರೆಯುವುದಿಲ್ಲ. ಅವ್ವನಿಗೆ ಎಲ್ಲ ಓದಿ ಹೇಳಿದೆ. ಮುನ್ನುಡಿಯಲ್ಲಿ ಹೆಸರು ಬಂದ ಸಂತೋಷಕ್ಕೆ ಹೋಳಿಗೆ ಮಾಡಿದಳು.

ಅಧ್ಯಾಯವನ್ನು ಎರಡು ಸಲ ಓದಿದೆ. ಬರವಣಿಗೆ ಚೆನ್ನಾಗಿದೆ, ತಕ್ಕಡಿಯಲ್ಲಿ ತೂಗಿದ ಹಾಗೆ ಒಂದೊಂದೇ ಮಾತು ಇಟ್ಟಿದ್ದೀ. ನಮ್ಮ ಓಣಿಯ ಹುಡುಗಿ ಹೀಗೆ ಬರೆದಳಲ್ಲ ಎಂದು ಕಣ್ಣು ತುಂಬಿತು. ಆದರೆ ಆ ಸೊನ್ನೆ ತಪ್ಪು.

ಹೇಗೆ ಗೊತ್ತು ಎಂದು ಕೇಳಬೇಡ. ಇನ್ನೊಮ್ಮೆ ನೋಡು. ಒಪ್ಪಿಸುವ ಮೊದಲು ನೋಡು. ಮಾರ್ಚ್ ಇನ್ನೂ ದೂರ ಇದೆ.

ನಿನ್ನ ತಂದೆ,
ಭಗವಂತ


ಕಲಬುರಗಿ
27 ಆಗಸ್ಟ್ 2024

ಅಪ್ಪನಿಗೆ,

ನಾಲ್ಕು ಸಾಲು ಬರೆದು ನನ್ನ ಎದೆಯ ಮೇಲೆ ಕಲ್ಲು ಹೇರಿದ್ದೀರಿ. ಆ ಸೊನ್ನೆಯ ಮೇಲೆ ನನ್ನ ಪ್ರಬಂಧ ನಿಂತಿದೆ. ಅದು ತಪ್ಪಾದರೆ ಐದನೆಯ ಅಧ್ಯಾಯ ಇಲ್ಲ, ಆರನೆಯದೂ ಇಲ್ಲ. ಡಿಸೆಂಬರಿನಲ್ಲಿ ವಿಭಾಗದವರ ಮುಂದೆ ಓದಬೇಕು. ಶಿಷ್ಯವೇತನ ನಿಂತು ವರ್ಷವಾಯಿತು, ಬಿ.ಕಾಂ ಮಕ್ಕಳಿಗೆ ಪಾಠ ಹೇಳಿ ಹಾಸ್ಟೆಲಿಗೆ ಕಟ್ಟುತ್ತಿದ್ದೇನೆ. ಬೇಸಿಗೆಯಲ್ಲಿ ಒಂದು ಕಾಲೇಜಿನಲ್ಲಿ ಉಪನ್ಯಾಸಕರ ಹುದ್ದೆ ಬೀಳುತ್ತದೆ, ಪಿಎಚ್‌ಡಿ ಇದ್ದರೆ ಮಾತ್ರ ಅರ್ಜಿ. ಇದೆಲ್ಲ ಗೊತ್ತಿದ್ದೂ "ಹೇಗೆ ಗೊತ್ತು ಎಂದು ಕೇಳಬೇಡ" ಅಂದರೆ ಹೇಗೆ?

ಗೊತ್ತಿದ್ದರೆ ಹೇಳಿ. ಎಷ್ಟು ಜನ, ಯಾವ ಓಣಿ, ಎಲ್ಲಿಟ್ಟಿದ್ದಾರೆ. ಸಂಶೋಧನೆಯಲ್ಲಿ ತಪ್ಪು ಎನ್ನುವವರು ಪುರಾವೆ ಕೊಡಬೇಕು. ಕೊಡಲಾಗದಿದ್ದರೆ ಸುಮ್ಮನಿರಬೇಕು.

ಸಿಟ್ಟಿನಲ್ಲಿ ಬರೆದಿದ್ದೇನೆ. ಆದರೂ ಹರಿಯದೆ ಕಳಿಸುತ್ತಿದ್ದೇನೆ.

ಅನುರಾಧಾ


ಹೊಳೆಕಣ್ಣೂರು
6 ಅಕ್ಟೋಬರ್ 2024

ಮಗಳು ಅನುರಾಧಾಗೆ ಜೈಭೀಮ್.

ಐದು ವಾರ ಉತ್ತರ ಬರೆಯಲಿಲ್ಲ. ಸಿಟ್ಟಿನಿಂದಲ್ಲ. ಎಷ್ಟು ಹೇಳಬಹುದು ಎಂದು ನನಗೇ ಗೊತ್ತಾಗಲಿಲ್ಲ.

ನೀನು ಚಿಕ್ಕವಳಿದ್ದಾಗ ನನ್ನ ಮೇಜಿನ ಕೆಳಗೆ ಒಂದು ತಗಡಿನ ಪೆಟ್ಟಿಗೆ ಇರುತ್ತಿತ್ತು. ಮುಟ್ಟಿದರೆ ಬೈಯುತ್ತಿದ್ದೆ. ಅದರಲ್ಲಿ ಇದ್ದದ್ದು ಪಾಸ್‌ಬುಕ್ಕುಗಳು. ಯಾರವು, ಎಷ್ಟು ಎಂದು ನಿನಗೆ ಇವತ್ತೂ ಹೇಳುವುದಿಲ್ಲ. ಮನೆಗೆ ಒಯ್ದರೆ ಗಂಡನ ಕೈಗೋ ಅತ್ತೆಯ ಕೈಗೋ ಸಿಗುತ್ತದೆ ಎಂದು ಹೆಂಗಸರು ನನ್ನ ಹತ್ತಿರವೇ ಬಿಟ್ಟು ಹೋಗುತ್ತಿದ್ದರು. ನಿಯಮದ ಪ್ರಕಾರ ನಾನು ಇಟ್ಟುಕೊಳ್ಳಬಾರದಿತ್ತು. ಇಟ್ಟುಕೊಂಡೆ. ನನಗೆ ನೀರನ್ನು ಮೇಲಿನಿಂದ ಬೊಗಸೆಗೆ ಹೊಯ್ಯುತ್ತಿದ್ದ ಮನೆಯವರು ಕೂಡ ಆ ಪುಸ್ತಕವನ್ನು ಮಾತ್ರ ನೇರ ನನ್ನ ಕೈಗೆ ಕೊಡುತ್ತಿದ್ದರು. ಅದರ ಬೆಲೆ ನನಗೆ ಗೊತ್ತು.

ಒಬ್ಬ ಒಮ್ಮೆ ಬಂದು ಕೇಳಿದ, "ಮಾಸ್ತರ, ನಮ್ಮಾಕಿ ನಿಮ್ಮಲ್ಲಿ ಏನರ ಕಟ್ಟಾಕತ್ತಾಳೇನ್ರಿ?" ಅವನ ಕೈಯಲ್ಲಿ ಎತ್ತು ಹೊಡೆಯುವ ಬಾರುಕೋಲಿತ್ತು. ಅದು ಎತ್ತಿಗೆ ಮಾತ್ರ ಅಲ್ಲ ಎಂದು ಊರಿಗೇ ಗೊತ್ತಿತ್ತು. "ಇಲ್ಲಪ್ಪ" ಎಂದೆ. ಅವನು ಹೋದ ಮೇಲೆ ಅರ್ಧ ಗಂಟೆ ಠಸ್ಸೆ ಹೊಡೆಯಲು ಕೈ ಬರಲಿಲ್ಲ. ಆ ಹೆಂಗಸು ಈಗಲೂ ಇದ್ದಾಳೆ, ಅವನೂ ಇದ್ದಾನೆ. ನಿನ್ನ ಪದವಿಗಾಗಿ ನಾನು ಆ ಮಾತು ಮುರಿಯಲಾರೆ. ಇದನ್ನು ಬರೆಯುವಾಗ ನನಗೆ ನೋವಾಗುತ್ತಿದೆ ಎಂದು ತಿಳಿ.

ಆದರೆ ಒಂದು ಹೇಳಬಲ್ಲೆ. ಅವರು ನನಗೆ ಹೇಳಿದ್ದನ್ನು ನಿನಗೆ ಹೇಳಲಿಲ್ಲ. ಯಾಕೆ? ನೀನು ಎಲ್ಲಿ ಕೂತು ಕೇಳಿದೆ? ಮೊದಲು ಏನು ಕೇಳಿದೆ? ಕೇಳುವಾಗ ಯಾರಿದ್ದರು? ಆ ಹಳ್ಳಿಗಳಲ್ಲಿ ನಾನಂತೂ ಇರಲಿಲ್ಲ. ನಿಮ್ಮವ್ವ ಇದ್ದಳು.

ಈ ಕಾಗದವನ್ನು ಪುರಾವೆ ಮಾಡಬೇಡ. ಓದಿ ಹರಿದುಬಿಡು.

ನಿನ್ನ ತಂದೆ,
ಭಗವಂತ


ಕಲಬುರಗಿ
21 ಅಕ್ಟೋಬರ್ 2024

ಅಪ್ಪನಿಗೆ ಜೈಭೀಮ್.

ನಿಮ್ಮ ಕಾಗದ ಹರಿದೆ. ಆಗಸ್ಟಿನಲ್ಲಿ ನಾನು ಬರೆದದ್ದನ್ನೂ ನೀವು ಹರಿದುಬಿಡಿ, ನನಗೆ ನಾಚಿಕೆಯಾಗುತ್ತಿದೆ.

ನೀವು ಕೇಳಿದ ಹಾಗೆಯೇ ಕೇಳಿಕೊಂಡೆ. ಮೊದಲು ಏನು ಕೇಳಿದೆ? ಪ್ರಶ್ನಾವಳಿ ತೆಗೆದು ನೋಡಿದೆ. ಮೊದಲ ಕಾಲಂ: ಹೆಸರು. ಎರಡನೆಯದು: ಗಂಡನ ಹೆಸರು. ತಲೆಯ ಮೇಲೆ ಕೈ ಹೊತ್ತು ಕೂತೆ.

ನಮ್ಮ ಕಡೆಯ ಯಾವ ಹೆಂಗಸು ಗಂಡನ ಹೆಸರು ಬಾಯಿಬಿಟ್ಟು ಹೇಳುತ್ತಾಳೆ? ನಾನು ಇಲ್ಲೇ ಹುಟ್ಟಿದವಳು, ಅವ್ವನ ಬಾಯಲ್ಲಿ ನಿಮ್ಮ ಹೆಸರು ಒಂದು ದಿನವೂ ಕೇಳಿದವಳಲ್ಲ. ಆದರೂ ಪುಸ್ತಕದಲ್ಲಿದ್ದ ಮಾದರಿಯನ್ನು ಹಾಗೇ ಇಳಿಸಿಕೊಂಡೆ. ಹೊರಗಿನವರು ಮಾಡಿದ್ದರೆ ತಿಳಿಯದೆ ಮಾಡಿದರು ಎನ್ನಬಹುದು. ನಾನು ತಿಳಿದೂ ಮಾಡಿದೆ.

ಆಮೇಲೆ ಆದದ್ದು ಇಷ್ಟೇ. ಆಕೆ ಹೇಳುವುದಿಲ್ಲ. "ಆಕೀ ಗಂಡನ ಹೆಸರು ಏನ್ಬೇ?" ಎಂದು ಪಕ್ಕದ ಮನೆಯವಳನ್ನು ಕರೆಯುತ್ತೇವೆ. ಪಕ್ಕದವಳ ಜೊತೆ ನಾದಿನಿ ಬರುತ್ತಾಳೆ, ಅತ್ತೆ ಬಾಗಿಲಿಗೆ ಬರುತ್ತಾಳೆ. ಅಫಜಲಪುರದ ಊರುಗಳಲ್ಲಿ ಎಲ್ಲರ ಗುರುತಿದ್ದ ಅವ್ವನೇ ಹೆಸರು ಹೇಳಿಬಿಡುತ್ತಿದ್ದಳು. ಒಂದು ಹೆಸರಿಗೆ ಬಂದ ಜನ ಎದ್ದು ಹೋಗುತ್ತಾರೆಯೇ? ಚಹಾ ಆಗುವವರೆಗೆ ಕೂರುತ್ತಾರೆ. ಇಪ್ಪತ್ಮೂರನೆಯ ಪ್ರಶ್ನೆ ಬರುವ ಹೊತ್ತಿಗೆ ಅಂಗಳ ತುಂಬಿರುತ್ತಿತ್ತು. ಅಷ್ಟು ಜನರ ನಡುವೆ "ಗಂಡನಿಗೆ ಗೊತ್ತಿಲ್ಲದ್ದು ಏನಿದೆ?" ಎಂದು ಕೇಳಿ, "ಇಲ್ರಿ" ಎಂದಾಗ ಗೆರೆ ಎಳೆದೆ. ನೂರಾ ನಲವತ್ತಾರು ಸಲ.

ಮೇಡಂಗೆ ಎಲ್ಲ ಹೇಳಿದೆ. "ಸಮೀಕ್ಷೆಯ ಮಿತಿಗಳು ಅಂತ ಕೊನೆಯಲ್ಲಿ ಒಂದು ಪ್ಯಾರಾ ಬರಿ. ಪರೀಕ್ಷಕರು ಒಪ್ಪುತ್ತಾರೆ. ಮತ್ತೆ ಮೂರು ತಾಲೂಕು ತಿರುಗಿದರೆ ಮಾರ್ಚ್ ದಾಟುತ್ತದೆ, ಅವಧಿ ವಿಸ್ತರಿಸುತ್ತಾರೆ ಅಂತ ನಾನು ಮಾತು ಕೊಡಲಾರೆ" ಎಂದರು. ಕೆಟ್ಟವರಲ್ಲ ಅವರು, ನನ್ನ ಆರು ವರ್ಷ ಕಂಡವರು.

ಒಂದು ಪ್ಯಾರಾ ಸಾಕು, ಅಪ್ಪ. ಒಂದು ಪ್ಯಾರಾ ಬರೆದರೆ ನಾನು ಡಾಕ್ಟರ್ ಅನುರಾಧಾ. ಬರೆಯದಿದ್ದರೆ ಬಹುಶಃ ಏನೂ ಅಲ್ಲ. ಈ ಸುಳ್ಳು ನನಗೆ, ನಿಮಗೆ, ಮೇಡಂಗೆ ಬಿಟ್ಟು ಯಾರಿಗೂ ತಿಳಿಯುವುದಿಲ್ಲ. ಏನು ಮಾಡಲಿ? ನೀವು ಹೇಳಿದ ಹಾಗೆ ಮಾಡುತ್ತೇನೆ.

ಅನುರಾಧಾ


ಹೊಳೆಕಣ್ಣೂರು
9 ನವೆಂಬರ್ 2024

ಅನು, ನಾ ನಿಮ್ಮವ್ವ ಸಾಬವ್ವ.

ಇದನ್ನ ನಮ್ಮ ಮಗ್ಗಲ ಮನಿ ಗೌಸಿಯಾಬೇಗಂ ಬರಿಯಾಕತ್ತಾಳ. ಹೊಲಿಗಿ ಕೆಲಸ ಬಿಟ್ಟು ಕುಂತಾಳ, ಪಾಪ. ನಾ ಹೇಳಿದ್ದು ಹೇಳಿದಂಗ ಬರಿಬೇಕು, ಒಂದಕ್ಷರ ತನ್ನದು ಹಚ್ಚಬಾರ್ದು ಅಂತ ಹೇಳೀನಿ. ನಿಮ್ಮಪ್ಪನ ಕೈಲಿ ಯಾಕ ಬರೆಸ್ಲಿಲ್ಲ ಅಂತ ಮುಂದ ಓದಿದ್ರ ತಿಳೀತದ.

ನಿನ್ನ ಕಾಗದ ನಿಮ್ಮಪ್ಪ ಓದಿ ಹೇಳಿದ್ರು. ಹದಿನೈದು ದಿನ ಆತು, ಬರಿಯಾಕ ಕುಂದ್ರತಾರ, ಹರಿದು ಒಲಿಗಿ ಹಾಕ್ತಾರ. ಅವರ ಕೈಲಿ ಆಗಂಗಿಲ್ಲ. ಅದಕ್ಕ ನಾ ಹೇಳ್ತೇನಿ.

ನೀ ಮೊದಲನೇ ಹಾಳಿ ಯಾರ್ದು ತುಂಬಿದಿ ನೆಪ್ಪದೇನು? ನನ್ನದೇ. ನಮ್ಮ ಪಡಸಾಲ್ಯಾಗ ಕುಂತು, ಕಲ್ಕೊಳ್ಳಾಕ ಅಂತ ನನಗ ಕೇಳಿದಿ. ಗಂಡಗ ಗೊತ್ತಿಲ್ಲದ್ದು ಏನರ ಅದ ಏನವ್ವಾ ಅಂದಿ. ನಾ ಇಲ್ಲ ಅಂದೆ. ನೀ ನಕ್ಕೊಂತ ಬರಕೊಂಡಿ.

ಅದು ಸುಳ್ಳು. ಅದ. ಹತ್ತೊಂಬತ್ತು ವರ್ಷ ಆತು. ನಿಮ್ಮಪ್ಪ ಊರಿಗೆಲ್ಲ ಪಾಸಬುಕ್ ಇಟ್ಕೊಂಡು ಕುಂತಿದ್ರು, ನಾ ಎಲ್ಲಿಡ್ಲಿ? ಅದಕ್ಕ ಕರಜಗಿ ಬ್ಯಾಂಕಿನಾಗ ತೆಗೆಸಿದೆ. ಕಬ್ಬಿನ ಹೊಲಕ್ಕ ಕೂಲಿಗಿ ಹೋದಾಗಿಂದು ಇಷ್ಟಿಷ್ಟು ಹಾಕ್ಕೊಂತ ಬಂದೀನಿ. ಪುಸ್ತಕ ಇಕಿ ಹೊಲಿಗಿ ಮಿಷನ್ನಿನ ಖಾನೆದಾಗ ಅದ. ನಿಮ್ಮಪ್ಪ ಕೆಟ್ಟವರಲ್ಲ, ಕೈ ಎತ್ತಿದವರಲ್ಲ. ಆದರ ಯಾರೇ ಬಂದು ಅತ್ತರೂ ಇದ್ದದ್ದು ಕೊಟ್ಟು ಬರೋ ಮನುಷ್ಯಾ. ನನಗ ಒಂದು ಹಿಡಿ ನಂದು ಅಂತ ಬೇಕಾಗಿತ್ತು. ನೀ ಎಂ.ಕಾಂ.ಗೆ ಸೇರೋವಾಗ ನಿಮ್ಮಜ್ಜಿ ಕೊಟ್ಟಾಳಂತ ಹೇಳಿದೆನಲ್ಲ, ಅಜ್ಜಿ ಕೊಟ್ಟಿಲ್ಲ, ನಾನೇ ಕೊಟ್ಟೀನಿ.

ನಿಮ್ಮಪ್ಪಗ ಈ ಮಾತು ಹೇಳಬ್ಯಾಡ. ಹೆಂಗ ಹೇಳಲಿ ಅಂತ ಇನ್ನಾ ನನಗ ತಿಳಿದಿಲ್ಲ.

ಆ ಅಂಗಳದಾಗ ಕುಂತು ಇಲ್ಲ ಇಲ್ಲ ಅಂದವರ ಮಾರಿ ನಾ ನೋಡೀನಿ. ಅವರು ನನ್ನ ಮಾರಿ ನೋಡ್ಯಾರ. ನಮಗೆಲ್ಲ ಗೊತ್ತಿತ್ತು, ನಿನಗೊಬ್ಬಾಕಿಗೇ ಗೊತ್ತಿರಲಿಲ್ಲ. ಈಗ ನೀ ಅದನ್ನ ಪುಸ್ತಕ ಮಾಡಿ ಅಚ್ಚು ಹಾಕಿದ್ರ, ನಾಳಿ ಯಾರರ ಓದಿ ಆ ಕಡಿ ಹೆಂಗಸರ ಹಂತ್ಯಾಕ ಏನೂ ಇಲ್ಲ, ಅವರಿಗೆ ಏನೂ ತಿಳಿಯಂಗಿಲ್ಲ ಅಂತಾರ. ನಾ ಹತ್ತೊಂಬತ್ತು ವರ್ಷ ಬಿಸಿಲಾಗ ದುಡಿದಿದ್ದು ಇಲ್ಲ ಅಂತ ಆಗ್ತದ. ನಿನ್ನ ಕೈಲೇ ಆಗ್ತದ.

ಡಾಕ್ಟರ್ ಆಗದಿದ್ರ ಬ್ಯಾಡ. ಬರೆಯೋದಿದ್ರ ಖರೆ ಬರಿ.

ಊಟ ಹೊತ್ತಿಗೆ ಮಾಡು.

ನಿಮ್ಮವ್ವ
(ಬರೆದವಳು ಗೌಸಿಯಾಬೇಗಂ. ನಿನ್ನ ಹಾಳ್ಯಾಗ ನಂದೂ ಇಲ್ಲ ಅಂತ ಬರೆಸೀನಿ ಅನು. ನಂದೂ ಅದ.)


ಕಲಬುರಗಿ
2 ಜೂನ್ 2025

ಅಪ್ಪನಿಗೆ ಜೈಭೀಮ್. ಇದನ್ನು ಅವ್ವನಿಗೆ ಓದಿ ಹೇಳಿ.

ಮೊನ್ನೆ ಮೂವತ್ತಕ್ಕೆ ಪ್ರಬಂಧ ಒಪ್ಪಿಸಿದೆ. ಆರು ತಿಂಗಳಿಂದ ಊರಿಗೆ ಬಂದಾಗಲೂ ನಿಮಗೆ ಸರಿಯಾಗಿ ಏನೂ ಹೇಳಲಿಲ್ಲ, ಮುಗಿಯದೆ ಹೇಳಬಾರದು ಎಂದುಕೊಂಡಿದ್ದೆ. ಈಗ ಹೇಳುತ್ತೇನೆ.

ಹಳೆಯ ಹಾಳೆಗಳನ್ನೆಲ್ಲ ರದ್ದು ಮಾಡಿದೆ. ಡಿಸೆಂಬರಿನಲ್ಲಿ ಓದಬೇಕಾಗಿದ್ದ ಸಭೆಗೆ ಹೋಗಲಿಲ್ಲ. ಅವಧಿ ವಿಸ್ತರಣೆಗೆ ಎರಡು ಸಲ ಅರ್ಜಿ ಕೊಟ್ಟೆ. ಮೊದಲನೆಯದು ತಿರುಗಿ ಬಂತು, ಎರಡನೆಯದಕ್ಕೆ ದಂಡ ಕಟ್ಟಿಸಿಕೊಂಡು ಆರು ತಿಂಗಳು ಕೊಟ್ಟರು. ಮೇಡಂ ನನ್ನ ಪರವಾಗಿ ಮೂರು ಕಚೇರಿಗೆ ಓಡಾಡಿದರು. ಉಪನ್ಯಾಸಕರ ಹುದ್ದೆಯ ಅರ್ಜಿಯ ದಿನ ದಾಟಿಹೋಯಿತು. ಅದು ನನ್ನ ಜೊತೆಯ ಪರಮೇಶನಿಗೆ ಸಿಕ್ಕಿತು. ಅವನ ಪೇಢೆ ತಿಂದು ಬಂದು ಹಾಸ್ಟೆಲಿನ ಬಚ್ಚಲಲ್ಲಿ ಅತ್ತೆ. ಇದನ್ನು ಅವ್ವನಿಗೆ ಓದಬೇಡಿ. ಇಲ್ಲ, ಓದಿ, ಅವಳಿಗೂ ತಿಳಿಯಲಿ.

ಹೊಸ ಹಾಳೆಯಲ್ಲಿ ಗಂಡನ ಹೆಸರು ಕೇಳಲಿಲ್ಲ, ಅವರ ಹೆಸರೂ ಕೇಳಲಿಲ್ಲ. ಅವ್ವನನ್ನೂ ಕರೆದುಕೊಂಡು ಹೋಗಲಿಲ್ಲ. ಅಂಗಳಕ್ಕೆ ಹೋಗುವುದನ್ನೇ ಬಿಟ್ಟು ತೊಗರಿ ಕೊಯ್ಲಿಗೆ ಹೋದೆ. ಕೊಯ್ಲಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಸಾಲು. ಪಕ್ಕದ ಸಾಲು ಹಿಡಿದು ಜೊತೆಗೆ ಕೊಯ್ಯುತ್ತ ಹೋದರೆ ಮಾತು ಆಕೆಗೂ ನನಗೂ ಮಾತ್ರ ಕೇಳುತ್ತದೆ. ನನ್ನ ಕೊಯ್ಲು ನೋಡಿ ಜೇವರ್ಗಿ ಕಡೆಯ ಒಬ್ಬ ಮುದುಕಿ, "ಇದನ್ನ ಓದಾಕ ಆರು ವರ್ಷ ಬೇಕಾತೇನು?" ಎಂದು ಕೈಯಿಂದ ಕುಡಗೋಲು ಕಸಿದುಕೊಂಡಳು. ಕೈ ತುಂಬ ಗೀರು. ಕೊಯ್ಲು ಮುಗಿದ ಮೇಲೆ ಬಟ್ಟೆ ಒಗೆಯುವ ಹೊಳೆಗೆ, ಸೌದೆಗೆ, ಎಲ್ಲಿ ಒಬ್ಬರೇ ಸಿಗುತ್ತಾರೋ ಅಲ್ಲಿಗೆ ಹೋದೆ.

ಹಿರೋಳ್ಳಿಯ ಗುರಮ್ಮ ಹತ್ತು ಹೆಜ್ಜೆ ಕೊಯ್ಯುವುದರೊಳಗೆ ಹೌದು ಎಂದಳು. ಎರಡು ವರ್ಷದ ಹಿಂದೆ ಇದನ್ನೇ ಕೇಳಿದ್ದೆನಲ್ಲ ಎಂದೆ. "ಅವತ್ತ ನೀ ಊರಿಗೇ ಕೇಳಿದಿ, ಇವತ್ತ ನನಗ ಕೇಳಾಕತ್ತಿ" ಎಂದಳು. ಆರು ವರ್ಷದಲ್ಲಿ ಯಾವ ಪುಸ್ತಕವೂ ನನಗೆ ಇಷ್ಟು ಹೇಳಿಕೊಟ್ಟಿರಲಿಲ್ಲ.

ನೂರಾ ಮೂವತ್ತೆರಡು ಜನ ಸಿಕ್ಕರು. ಅವರಲ್ಲಿ ಎಪ್ಪತ್ತೊಂಬತ್ತು ಜನ ಹೌದು ಎಂದರು. ಊರುಗಳ ಹೆಸರನ್ನು ಪ್ರಬಂಧದಿಂದ ತೆಗೆದಿದ್ದೇನೆ. ಪರೀಕ್ಷಕರು ಯಾವ ಊರು ಎಂದು ಕೇಳುತ್ತಾರೆ, ಆಗ ಹೇಳುವುದಿಲ್ಲ ಎನ್ನಬೇಕು. ಅದಕ್ಕೆ ಅವರು ತಕರಾರು ತೆಗೆದರೂ ತೆಗೆಯಲಿ.

ನಿಮ್ಮ ಮಗಳು,
ಅನುರಾಧಾ


ಹೊಳೆಕಣ್ಣೂರು
15 ಜೂನ್ 2025

ಮಗಳು ಅನುರಾಧಾಗೆ ಜೈಭೀಮ್.

ನಿನ್ನ ಕಾಗದವನ್ನು ಪೂರ್ತಿ ಓದಿ ಹೇಳಿದೆ, ಬಚ್ಚಲಿನ ಸಾಲನ್ನೂ ಬಿಡಲಿಲ್ಲ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಎಪ್ಪತ್ತೊಂಬತ್ತು ಎಂದಾಗ ಕೈ ನಿಲ್ಲಿಸಿ, "ಇನ್ನೊಮ್ಮಿ ಓದ್ರಿ" ಅಂದಳು. ಓದಿದೆ. ಹೆಂಚಿನ ಮೇಲಿನ ರೊಟ್ಟಿ ಕರಿಯಾಯಿತು.

ಅಕ್ಟೋಬರಿನಲ್ಲಿ ನೀನು ಏನು ಮಾಡಲಿ ಎಂದು ಕೇಳಿದ್ದೆ. ನಾನು ಉತ್ತರ ಬರೆಯಲೇ ಇಲ್ಲ. ಊರಿನ ಹೆಂಗಸರ ಗುಟ್ಟಿಗಾಗಿ ಅಷ್ಟು ಗಟ್ಟಿಯಾಗಿ ನಿಂತವನಿಗೆ, ಮಗಳ ಪದವಿ ಹೋಗಲಿ ಎಂದು ಬರೆಯಲು ಕೈ ಏಳಲಿಲ್ಲ. ಪ್ಯಾರಾ ಬರೆದು ಮುಗಿಸು ಎಂದು ಕೂಡ ಒಮ್ಮೆ ಬರೆದಿದ್ದೆ. ಒಲೆಗೆ ಹಾಕಿದೆ. ನನ್ನ ಉತ್ತರ ಬಾರದೆಯೇ ನೀನು ಸರಿಯಾದ ದಾರಿ ಹಿಡಿದೆ. ಅಂದರೆ ಬೇರೆ ಯಾರೋ ಉತ್ತರ ಬರೆದಿದ್ದಾರೆ.

ನವೆಂಬರಿನಲ್ಲಿ ನಿಮ್ಮವ್ವ ಗೌಸಿಯಾಬೇಗಂಳ ಮನೆಯಿಂದ ಬಂದು ಟಪಾಲು ಡಬ್ಬಿಗೆ ಒಂದು ಕಾಗದ ಹಾಕಿದ್ದನ್ನು ನಾನು ಕಟ್ಟೆಯ ಮೇಲಿಂದ ನೋಡಿದ್ದೆ. ಅದರಲ್ಲಿ ಏನಿತ್ತು ಎಂದು ನಿನ್ನನ್ನು ಕೇಳುವುದಿಲ್ಲ. ಆದರೆ ನೀನು ಮೊದಲ ಹಾಳೆ ತುಂಬಿದ ದಿನ ನಾನು ಅದೇ ಪಡಸಾಲೆಯಲ್ಲಿ ಪತ್ರಿಕೆ ಓದುತ್ತ ಕೂತಿದ್ದೆ. ಆ ಪ್ರಶ್ನೆ ಬಂದಾಗ ಸಾಬವ್ವ ಒಮ್ಮೆ ನನ್ನ ಕಡೆ ನೋಡಿ ಇಲ್ಲ ಅಂದಳು. ನನ್ನ ಮನೆಯಲ್ಲಿ ಅಂಥದ್ದೇನೂ ಇಲ್ಲ ಎಂದು ಹೆಮ್ಮೆಪಟ್ಟಿದ್ದೆ. ಊರ ಗಂಡಸರಿಗೆ ತಿಳಿಯದ್ದು ನನಗೆ ತಿಳಿದಿದೆ ಎಂದು ಇಷ್ಟು ವರ್ಷ ಒಳಗೊಳಗೇ ಜಂಭವಿತ್ತು. ಅವರ ಸಾಲಿನಲ್ಲಿ ನಾನೂ ನಿಂತಿದ್ದೇನೆ ಎಂದು ಈಗ ತಿಳಿಯಿತು. ಸಿಟ್ಟು ಬರಲಿಲ್ಲ. ನಾಚಿಕೆಯಾಯಿತು, ಎರಡು ದಿನ ಅನ್ನ ಸೇರಲಿಲ್ಲ.

ಅವಳಿಗೆ ನಾನು ಏನೂ ಹೇಳಿಲ್ಲ, ಏನೂ ಕೇಳಿಲ್ಲ. ಶುಕ್ರವಾರ ಮುಂಜಾನೆ ಅವಳು ಕರಜಗಿಗೆ ಹೊರಟಳು. ಮೊದಲಾದರೆ ಯಾಕೆ ಎನ್ನುತ್ತಿದ್ದೆ. ಈ ಸಲ ಚೀಲ ಹಿಡಿದು ಬಸ್ಸಿನ ತನಕ ಹೋದೆ. ಬಸ್ಸು ಹತ್ತಿದವಳು ತಿರುಗಿ ನೋಡಿ, "ನೀವೂ ಬರ್ರಿ" ಅಂದಳು.

ಕರಜಗಿಯಲ್ಲಿ ಅವಳು ಬ್ಯಾಂಕಿನ ಮುಂದೆ ನಿಂತಳು. "ಒಳಗ ಬರ್ತೀರೇನ್ರಿ?" ಎಂದು ಕೇಳಿದಳು. ಅವಳ ಮುಖದಲ್ಲಿ ಹೆದರಿಕೆ ಇತ್ತು, ನನಗೆ ಅದನ್ನು ನೋಡಲಾಗಲಿಲ್ಲ. "ಬ್ಯಾಡ, ನೀ ಹೋಗಿ ಬಾ, ನಾ ಇಲ್ಲೇ ಇರ್ತೇನಿ" ಎಂದು ಹೇಳಿ ಹೊರಗೆ ಬೇವಿನ ಗಿಡದ ಕೆಳಗೆ ಕೂತೆ. ಬಿಸಿಲಿತ್ತು, ಸರದಿ ಉದ್ದ ಇತ್ತು. ಅವಳು ಬರುವ ತನಕ ಕೂತಿದ್ದೆ.

ನಿನ್ನ ತಂದೆ,
ಭಗವಂತ